ಹಳೆಯ ಬೋಟು ಕೊಳ್ಳುವ ಮುನ್ನ

ಎನ್.ಆರ್. ಕಾಲೋನಿಯ ನಮ್ಮ ಕಚೇರಿಗೆ ಬಂದ ವರ್ತಕರೊಬ್ಬರು ಮಲ್ಪೆಯಲ್ಲಿ ಮರದ ಹಳೆಯ ಮೀನುಗಾರಿಕಾ ಬೋಟೊಂದಕ್ಕೆ ಮುಂಗಡ ಕೊಡಲು ಸಿದ್ಧರಾಗಿದ್ದರು. ಎಂಜಿನ್ನಿನ ಸದ್ದು ಕೇಳಿ ಮೆಚ್ಚಿದ್ದರು; ಕಾಗದಪತ್ರ ನೋಡಿರಲಿಲ್ಲ. ನೋಂದಣಿಯೋ ಮಾರುವವರ ದಿವಂಗತ ಅಣ್ಣನ ಹೆಸರಿನಲ್ಲಿತ್ತು!

1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಅಧಿನಿಯಮದ ಮೇರೆಗೆ ಪರವಾನಗಿಯಿಲ್ಲದೆ ಮೀನು ಹಿಡಿಯುವಂತಿಲ್ಲ. ಹೆಸರು ವರ್ಗಾವಣೆಯಾಗದಿದ್ದರೆ ಡೀಸೆಲ್ ರಿಯಾಯಿತಿ, ವಿಮೆ, ಬ್ಯಾಂಕ್ ಸಾಲ ಎಲ್ಲಕ್ಕೂ ತೊಡಕು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದು, ಬೋಟುಗಳು ದಡ ಸೇರಿರುತ್ತವೆ. ನೀರಿನಡಿಯ ಹಲಗೆಗಳನ್ನು ಬಡಗಿಯಿಂದ ಪರೀಕ್ಷಿಸಲು ಅದೇ ಸಕಾಲ. ಹುಳು ತಿಂದ ಮರ ಬಣ್ಣದಡಿ ಅಡಗಿರುತ್ತದೆ. ಖರೀದಿಸಿದ ವರ್ಷ 180 ದಿನಗಳಿಗಿಂತ ಕಡಿಮೆ ಬಳಸಿದರೆ ಸವಕಳಿ ಅರ್ಧ ಮಾತ್ರ ದೊರೆಯುವುದೆಂಬುದನ್ನೂ ಗಮನಿಸತಕ್ಕದ್ದು.

ಇಬ್ಬರು ವಾರಸುದಾರರು ಒಪ್ಪಿಗೆ ನೀಡಿದ್ದಾರೆ. ಮೂರನೆಯವರ ಸಹಿ ಬಾಕಿ. ಮುಂಗಡ ನಮ್ಮ ವರ್ತಕರ ಖಾತೆಯಲ್ಲೇ ಇದೆ.