ಪಡೆದ ರಕ್ಷಣೆಯನ್ನು ಪಾಪ ಕಸಿದುಕೊಳ್ಳಬಲ್ಲದೇ?

ಕ್ರೈಸ್ತ ಬೋಧನೆಯಲ್ಲಿ ರಕ್ಷಣೆ ಎಂದರೆ ಪಾಪದಿಂದಲೂ ಅದರ ಫಲವಾದ ನಿತ್ಯಮರಣದಿಂದಲೂ ಮನುಷ್ಯನಿಗೆ ದೊರೆಯುವ ಬಿಡುಗಡೆ. ಅದನ್ನು ಯಾರೂ ಸ್ವಂತ ಪುಣ್ಯದಿಂದ ಸಂಪಾದಿಸಲಾರರು, ಕ್ರಿಸ್ತನ ಶಿಲುಬೆಯ ಮೂಲಕ ದೇವರೇ ಕೊಡುವ ಕೃಪೆ ಅದು ಎಂಬುದನ್ನು ಕಥೊಲಿಕರೂ ಪ್ರೊಟೆಸ್ಟೆಂಟರೂ ಒಪ್ಪುತ್ತಾರೆ. ಭಿನ್ನಾಭಿಪ್ರಾಯ ಹುಟ್ಟುವುದು ಅದರ ಮುಂದೆ. ಕೃಪೆ ಪಡೆದವನು ಆಮೇಲೆ ಕೊಲೆಗೋ ವ್ಯಭಿಚಾರಕ್ಕೋ ಇಳಿದರೆ, ಪ್ರಾಣಭಯದಿಂದ ಕ್ರಿಸ್ತನನ್ನೇ ಅಲ್ಲಗಳೆದರೆ, ಆ ರಕ್ಷಣೆ ಉಳಿಯುವುದೋ ಹೋಗುವುದೋ?

ಬೈಬಲಿನಲ್ಲಿ ಎರಡೂ ಕಡೆಯವರಿಗೆ ಆಧಾರಗಳಿವೆ. ತನ್ನ ಕುರಿಗಳನ್ನು ಯಾರೂ ತನ್ನ ಕೈಯಿಂದ ಕಿತ್ತುಕೊಳ್ಳಲಾರರೆಂದು ಯೋಹಾನನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು ಭರವಸೆ ಕೊಡುತ್ತಾನೆ. ದೇವರ ಪ್ರೀತಿಯಿಂದ ವಿಶ್ವಾಸಿಯನ್ನು ಅಗಲಿಸುವ ಶಕ್ತಿ ಸಾವಿಗೂ ಇಲ್ಲವೆನ್ನುತ್ತಾನೆ ಪೌಲ, ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ. ಅದೇ ಹೊಸ ಒಡಂಬಡಿಕೆಯ ಇಬ್ರಿಯರಿಗೆ ಬರೆದ ಪತ್ರದ 6ನೇ ಅಧ್ಯಾಯ ಮಾತ್ರ, ದೇವರ ವರಗಳ ರುಚಿ ನೋಡಿದ ಮೇಲೆ ಬಿದ್ದುಹೋದವರನ್ನು ಮತ್ತೆ ಪಶ್ಚಾತ್ತಾಪಕ್ಕೆ ತರುವುದು ಅಸಾಧ್ಯವೆನ್ನುವಷ್ಟು ಕಠಿಣವಾಗಿ ಎಚ್ಚರಿಸುತ್ತದೆ. ಎರಡನ್ನೂ ಓದಿದ ಪ್ರಾಮಾಣಿಕ ಓದುಗ ಒಂದನ್ನು ಮರೆತು ಇನ್ನೊಂದನ್ನು ಹಿಡಿಯಲಾರ. ಈ ವಾದ ಇಷ್ಟು ಶತಮಾನ ಬಾಳಿರುವುದು ಅದಕ್ಕೇ.

ಪ್ರಶ್ನೆ ಮೊದಲ ಬಾರಿಗೆ ಸಾವಿರಾರು ಜನರ ಬದುಕಿನ ಪ್ರಶ್ನೆಯಾಗಿ ಎದ್ದುನಿಂತದ್ದು ಕ್ರಿ.ಶ. 250ರಲ್ಲಿ. ಸಾಮ್ರಾಜ್ಯದ ಜನರೆಲ್ಲ ದೇವತೆಗಳಿಗೆ ಬಲಿ ಅರ್ಪಿಸಬೇಕೆಂದು ರೋಮನ್ ಚಕ್ರವರ್ತಿ ಡೇಸಿಯಸ್ ಆಜ್ಞೆ ಹೊರಡಿಸಿದ. ಅರ್ಪಿಸಿದವರಿಗೆ ಅಧಿಕಾರಿಗಳು ಪ್ರಮಾಣಪತ್ರ ಕೊಡುತ್ತಿದ್ದರು. ಅಂಥ ಕೆಲವು ಪತ್ರಗಳು ಈಜಿಪ್ಟಿನ ಮರಳಿನಲ್ಲಿ ಉಳಿದುಬಂದಿವೆ. ಪಪೈರಸ್ ತುಂಡಿನ ಮೇಲೆ ಅರ್ಜಿದಾರನ ಹೆಸರು, ಊರು. ತಾನು ಯಾವಾಗಲೂ ದೇವತೆಗಳಿಗೆ ಬಲಿ ಕೊಡುತ್ತ ಬಂದವನು, ಈಗಲೂ ಅಧಿಕಾರಿಗಳ ಕಣ್ಣೆದುರಿಗೇ ಪಾನವನ್ನು ನೈವೇದ್ಯವಾಗಿ ಸುರಿದು ಬಲಿಯ ಮಾಂಸ ತಿಂದಿದ್ದೇನೆ ಎಂಬ ಹೇಳಿಕೆ. ಕೆಳಗೆ ಸಾಕ್ಷಿಗಳ ಸಹಿ. ಕ್ರೈಸ್ತರಾದವರಿಗೆ ಆ ಚೂರು ಪಪೈರಸ್ ಜೀವ ಉಳಿಸುವ ಪತ್ರವೂ ಹೌದು, ವಿಶ್ವಾಸವನ್ನು ಬಿಟ್ಟುಕೊಟ್ಟ ದಾಖಲೆಯೂ ಹೌದು. ಕೆಲವರು ನಿಜವಾಗಿಯೂ ಬಲಿ ಕೊಟ್ಟರು. ಇನ್ನು ಕೆಲವರು ಬಲಿ ಕೊಡದೆ ಲಂಚ ತೆತ್ತು ಪತ್ರವನ್ನಷ್ಟೇ ಪಡೆದರು. ಬಲವಂತಕ್ಕೂ ಕಾಯದೆ ತಾವಾಗಿಯೇ ಬಲಿಪೀಠಕ್ಕೆ ಧಾವಿಸಿದವರೂ ಇದ್ದರೆಂದು ಕಾರ್ಥೇಜಿನ ಬಿಷಪ್ ಸಿಪ್ರಿಯನ್ ನೋವಿನಿಂದ ಬರೆದಿದ್ದಾನೆ.

ಹಿಂಸೆ ತಣ್ಣಗಾದ ಮೇಲೆ ಇವರಲ್ಲಿ ಅನೇಕರು ಅಳುತ್ತ ಸಭೆಯ ಬಾಗಿಲಿಗೆ ಬಂದರು. ಸೇರಿಸಿಕೊಳ್ಳಬೇಕೇ? ರೋಮಿನಲ್ಲಿ ನೊವಾಟಿಯನ್ ಎಂಬ ಪಾದ್ರಿ ಖಂಡಿತ ಕೂಡದೆಂದ. ದೇವರು ಅವರನ್ನು ಕ್ಷಮಿಸಬಹುದು, ಆದರೆ ಕ್ಷಮಿಸುವ ಅಧಿಕಾರ ಸಭೆಗಿಲ್ಲ ಎಂಬುದು ಅವನ ನಿಲುವು. ಸಿಪ್ರಿಯನ್ ಇನ್ನೊಂದು ದಾರಿ ಹಿಡಿದ. 251ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪ್ಪರ ಸಭೆ, ಪತ್ರ ಮಾತ್ರ ಪಡೆದವರನ್ನು ಒಬ್ಬೊಬ್ಬರಾಗಿ ವಿಚಾರಿಸಿ ಸೇರಿಸಿಕೊಳ್ಳಲು ಒಪ್ಪಿತು. ಬಲಿ ಕೊಟ್ಟವರು ದೀರ್ಘಕಾಲ ಪ್ರಾಯಶ್ಚಿತ್ತದಲ್ಲಿದ್ದು ಮರಣಶಯ್ಯೆಯಲ್ಲಿ ಸಮಾಧಾನ ಪಡೆಯಬಹುದಿತ್ತು. ಮತ್ತೆ ಹಿಂಸೆಯ ಸೂಚನೆ ಕಂಡಾಗ ಪಶ್ಚಾತ್ತಾಪಪಟ್ಟವರೆಲ್ಲರಿಗೂ ಬಾಗಿಲು ತೆರೆಯಿತು. ಇದು ಸಡಿಲ ಮನಸ್ಸಿನವರ ತೀರ್ಮಾನವಾಗಿರಲಿಲ್ಲ. 258ರಲ್ಲಿ ಸಿಪ್ರಿಯನ್ ಸ್ವತಃ ವಿಶ್ವಾಸಕ್ಕಾಗಿ ತಲೆ ಕೊಟ್ಟ.

ದೀಕ್ಷಾಸ್ನಾನದ ನಂತರದ ಪಾಪದ ಅಂಜಿಕೆ ಮಾತ್ರ ಹೋಗಲಿಲ್ಲ. ದೀಕ್ಷೆಯನ್ನೇ ಕೊನೆಗಾಲದವರೆಗೆ ಮುಂದೂಡುವುದು ಆಗ ಸಾಮಾನ್ಯವಾಗಿತ್ತು. ಕಾನ್‌ಸ್ಟಂಟೈನ್ ಚಕ್ರವರ್ತಿ ದೀಕ್ಷೆ ಪಡೆದದ್ದು ತಾನು ಸತ್ತ 337ರಲ್ಲಿ. ಪಶ್ಚಿಮದ ಧರ್ಮಸಭೆ ಕ್ರಮೇಣ ಪಾಪನಿವೇದನೆಯ ಕ್ರಮವನ್ನು ಬೆಳೆಸಿ, 1215ರಲ್ಲಿ ವರ್ಷಕ್ಕೊಮ್ಮೆಯಾದರೂ ಅದನ್ನು ಕಡ್ಡಾಯ ಮಾಡಿತು. ಕಥೊಲಿಕ ಬೋಧನೆ ಇಂದಿಗೂ ಪಾಪಗಳಲ್ಲಿ ಮಾರಕ, ಲಘು ಎಂದು ಭೇದ ಮಾಡುತ್ತದೆ. ವಿಷಯ ಗಂಭೀರವಾಗಿರಬೇಕು, ಮಾಡುವವನಿಗೆ ಅದು ಪಾಪವೆಂಬ ಪೂರ್ಣ ಅರಿವಿರಬೇಕು, ಮನಸಾರೆ ಒಪ್ಪಿ ಮಾಡಿರಬೇಕು. ಈ ಮೂರೂ ಕೂಡಿದರೆ ಅದು ಮಾರಕ ಪಾಪ. ಅಂಥ ಪಾಪದಿಂದ, ವಿಶ್ವಾಸ ಉಳಿದಿದ್ದರೂ, ಕೃಪೆ ನಷ್ಟವಾಗುತ್ತದೆಂದು 1547ರಲ್ಲಿ ಟ್ರೆಂಟ್ ಸಮ್ಮೇಳನ ವಿಧಿಸಿತು. ಕಳೆದದ್ದು ಪಶ್ಚಾತ್ತಾಪ ಮತ್ತು ಪಾಪನಿವೇದನೆಯಿಂದ ಮರಳಿ ಸಿಗುತ್ತದೆ.

ಪ್ರೊಟೆಸ್ಟೆಂಟರೆಲ್ಲ ಇದಕ್ಕೆ ವಿರುದ್ಧ ಎಂಬ ಭಾವನೆ ಅನೇಕರಲ್ಲಿದೆ. ಅದು ಸರಿಯಲ್ಲ. ಅವರೊಳಗೇ ಎಷ್ಟು ಅಂತರವಿದೆ ಎಂಬುದಕ್ಕೆ ದಾವೀದನ ಪ್ರಸಂಗವೊಂದೇ ಸಾಕು. ಬತ್ಷೆಬೆಯನ್ನು ಕೂಡಿ, ಅವಳ ಗಂಡ ಊರೀಯನನ್ನು ಯುದ್ಧದಲ್ಲಿ ಸಾಯುವಂತೆ ಮಾಡಿದ ದಾವೀದ, ಆ ಹೊತ್ತಿನಲ್ಲಿ ದೇವರ ಮಗನಾಗಿ ಉಳಿದಿದ್ದನೇ? ಅಂಥವರಿಂದ ವಿಶ್ವಾಸವೂ ಪವಿತ್ರಾತ್ಮನೂ ತೊಲಗಿಬಿಡುತ್ತವೆ ಎನ್ನುತ್ತವೆ ಲೂಥರ್ ಬರೆದ, 1537ರ ಶ್ಮಾಲ್ಕಾಲ್ಡ್ ಸೂತ್ರಗಳು. ಕ್ಯಾಲ್ವಿನನ ಪರಂಪರೆಯವರು 1618–19ರಲ್ಲಿ ಹಾಲೆಂಡಿನ ಡಾರ್ಟ್ ಪಟ್ಟಣದಲ್ಲಿ ಸೇರಿ ಅದೇ ದಾವೀದನನ್ನು, ಜೊತೆಗೆ ಪೇತ್ರನನ್ನು ಉದಾಹರಿಸಿ ಬೇರೆ ಮಾತು ಹೇಳಿದರು. ನಿಜ ವಿಶ್ವಾಸಿ ಘೋರವಾಗಿ ಬೀಳಬಹುದು, ಕೃಪೆಯ ಅನುಭವವನ್ನೇ ಕೆಲಕಾಲ ಕಳೆದುಕೊಳ್ಳಬಹುದು, ಆದರೆ ದೇವರು ಅವನನ್ನು ಪೂರ್ತಿಯಾಗಿ ಕೈಬಿಡದೆ ಪಶ್ಚಾತ್ತಾಪಕ್ಕೆ ತಂದೇ ತರುತ್ತಾನೆ. ಕೊನೆವರೆಗೂ ಮರಳದವನು ಮೊದಲೇ ನಿಜವಾದ ವಿಶ್ವಾಸಿಯಾಗಿರಲಿಲ್ಲ ಎಂಬುದು ಇವರ ವಿವರಣೆ. ಹದಿನೆಂಟನೆಯ ಶತಮಾನದಲ್ಲಿ ಮೆಥಡಿಸ್ಟ್ ಚಳವಳಿಯ ಜಾನ್ ವೆಸ್ಲಿ ಇದನ್ನು ಒಪ್ಪಲಿಲ್ಲ. ನಿಜ ವಿಶ್ವಾಸಿಯೂ ಬಿದ್ದು ನಾಶವಾಗಬಲ್ಲನೆಂದು 1751ರಲ್ಲಿ ಅದಕ್ಕಾಗಿಯೇ ಒಂದು ಕಿರುಪುಸ್ತಕ ಬರೆದ.

ಒಮ್ಮೆ ರಕ್ಷಣೆ ಹೊಂದಿದವನು ಎಂದೆಂದಿಗೂ ರಕ್ಷಿತನೇ ಎಂಬ ಜನಪ್ರಿಯ ಮಾತನ್ನು ಡಾರ್ಟ್ ಬೋಧನೆಯ ಮೇಲೆ ಹೊರಿಸುವುದು ಅನ್ಯಾಯ. ಹೇಗೆ ಬದುಕಿದರೂ ನಡೆಯುತ್ತದೆಂಬ ಅರ್ಥ ಅದರಲ್ಲಿಲ್ಲ. ನಿರಾತಂಕವಾಗಿ ಪಾಪದಲ್ಲೇ ಬಾಳುವುದು ವಿಶ್ವಾಸವಿಲ್ಲದಿರುವುದರ ಗುರುತೆಂದೇ ಆ ಪರಂಪರೆ ಕಾಣುತ್ತದೆ. ಹಾಗೆಯೇ, ಪ್ರತಿ ತಪ್ಪಿಗೂ ರಕ್ಷಣೆ ಹಾರಿಹೋಗುತ್ತದೆಂದು ಕಥೊಲಿಕರಾಗಲಿ ಮೆಥಡಿಸ್ಟರಾಗಲಿ ಕಲಿಸುವುದಿಲ್ಲ. ಮಾಡಿದ ಪಾಪಕ್ಕೆ ಮರುಗಿ, ತನಗಿನ್ನು ಕ್ಷಮೆಯಿಲ್ಲವೆಂದು ನಡುಗುವವನಿಗೆ ಇವರಲ್ಲಿ ಯಾರೂ ಬಾಗಿಲು ಮುಚ್ಚುವುದಿಲ್ಲ. ಮೂರು ಬಾರಿ ಯೇಸುವನ್ನು ಅರಿಯೆನೆಂದ ಪೇತ್ರನೇ ಮುಂದೆ ಆತನ ಕುರಿಗಳನ್ನು ಕಾಯುವ ಹೊಣೆ ಹೊತ್ತನೆಂಬುದು ಎಲ್ಲರ ಬೈಬಲಿನಲ್ಲೂ ಇದೆ.

ಕನ್ನಡ ನಾಡಿಗೆ ಕ್ಯಾಲ್ವಿನನ ಪರಂಪರೆಯೂ ವೆಸ್ಲಿಯ ಪರಂಪರೆಯೂ ಬಂದವು. ಬಳ್ಳಾರಿಯಲ್ಲಿ ನೆಲೆಸಿ ಬೈಬಲನ್ನು ಕನ್ನಡಕ್ಕೆ ತಂದ ಜಾನ್ ಹ್ಯಾಂಡ್ಸ್ ಲಂಡನ್ ಮಿಷನ್ನಿನವರು. ಅದರ ಬೇರು ಕ್ಯಾಲ್ವಿನನ ಕಡೆಗೆ ಚಾಚಿದ್ದು. ಮೈಸೂರು ಸೀಮೆಯಲ್ಲಿ ಶಾಲೆ, ಮುದ್ರಣಾಲಯ ನಡೆಸಿದ್ದು ವೆಸ್ಲಿಯನ್ ಮಿಷನ್. 1947ರ ಸೆಪ್ಟೆಂಬರ್ 27ರಂದು ಎರಡರ ಸಭೆಗಳೂ ಆಂಗ್ಲಿಕನ್ನರೊಂದಿಗೆ ದಕ್ಷಿಣ ಭಾರತ ಸಭೆಯಲ್ಲಿ ಸೇರಿದವು. ಆ ಸಭೆ ತನ್ನ ವಿಶ್ವಾಸಕ್ಕೆ ಸಾಕ್ಷಿಯಾಗಿ ಒಪ್ಪಿರುವ ಅಪೊಸ್ತಲರ ಹಾಗೂ ನೈಸಿಯಾದ ವಿಶ್ವಾಸಪ್ರಮಾಣಗಳು ಪಾಪಗಳ ಕ್ಷಮೆಯನ್ನು ಸಾರುತ್ತವೆ, ಈ ವಿವಾದದ ಬಗ್ಗೆ ಏನನ್ನೂ ಹೇಳುವುದಿಲ್ಲ.