ನಿಮಗಿದು ಗೊತ್ತೆ? ಟರ್ಬೊ ಡೀಸೆಲ್‌ನ ಜ್ವರ ಅಳೆಯುವ ಕಡ್ಡಿ

ಭಾರ ಹೊತ್ತು ಏರು ಹತ್ತುವಾಗ ಟರ್ಬೊ ಡೀಸೆಲ್ ಎಂಜಿನ್ನಿನ ಹೊಗೆ 700 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು. ರೇಡಿಯೇಟರ್ ನೀರಿನ ಮುಳ್ಳು ಇದನ್ನು ತಡವಾಗಿ ತೋರಿಸುತ್ತದೆ. ಅಷ್ಟರಲ್ಲಿ ಪಿಸ್ಟನ್ನಿಗೆ ಪೆಟ್ಟು ಬಿದ್ದಿರಬಹುದು. ಅದಕ್ಕೇ ಹೊಗೆಯ ದಾರಿಯಲ್ಲೇ ‘ಕೆ’ ಮಾದರಿಯ ಥರ್ಮೋಕಪಲ್ ಕೂರಿಸುತ್ತಾರೆ. ಕ್ರೋಮೆಲ್ ಮತ್ತು ಅಲ್ಯುಮೆಲ್ ತಂತಿಗಳ ಬೆಸುಗೆ ಕಾದಾಗ, ಪ್ರತಿ ಡಿಗ್ರಿಗೆ ವೋಲ್ಟಿನ 10 ಲಕ್ಷದಲ್ಲಿ ಸುಮಾರು 41 ಭಾಗದಷ್ಟು ವಿದ್ಯುತ್ ಹುಟ್ಟುತ್ತದೆ. ಈ ಪರಿಣಾಮವನ್ನು 1821ರಲ್ಲಿ ಗುರುತಿಸಿದವರು ಥಾಮಸ್ ಸೀಬೆಕ್.

ಈ ಥರ್ಮೋಕಪಲ್ ಕಡ್ಡಿ ಎಲ್ಲಿರಬೇಕು? ಟರ್ಬೊಗಿಂತ ಮೊದಲು, ಸಿಲಿಂಡರುಗಳ ಹೊಗೆ ಒಂದಾಗುವ ಮ್ಯಾನಿಫೋಲ್ಡಿನಲ್ಲಿ. ಟರ್ಬೊ ದಾಟಿದ ಹೊಗೆ ತನ್ನ ಶಕ್ತಿಯನ್ನು ಟರ್ಬೈನಿಗೆ ಕೊಟ್ಟು ತಣಿದಿರುತ್ತದೆ. ಹೊರೆ ಹೆಚ್ಚಿದಷ್ಟೂ ಈ ಅಂತರ ಹಿಗ್ಗುವುದರಿಂದ ಅಲ್ಲಿನ ಅಂಕಿಯನ್ನು ನೆಚ್ಚುವಂತಿಲ್ಲ.

ಕಡ್ಡಿ ಕೂರಿಸಲು ರಂಧ್ರ ಕೊರೆಯುವಾಗ ಮ್ಯಾನಿಫೋಲ್ಡ್ ಬಿಚ್ಚುವುದೇ ಲೇಸು. ಶ್ರಮ ಉಳಿಸಲು ಹೋಗಬೇಡಿ. ಒಳಗುಳಿದ ಬೀಡುಕಬ್ಬಿಣದ ಒಂದು ಚೂರು, ನಿಮಿಷಕ್ಕೆ ಲಕ್ಷ ಸುತ್ತು ತಿರುಗುವ ಟರ್ಬೈನಿನ ಅಲಗನ್ನೇ ಮುರಿಯಬಲ್ಲದು. ಕಡ್ಡಿಯ ತುದಿ ಗೋಡೆಗೆ ತಾಗದೆ ಹೊಗೆಯ ನಡುವೆ ನಿಲ್ಲಬೇಕು.

ಇನ್ನೊಂದು ಮಾತು: ಡೀಸೆಲ್ಲಿನಲ್ಲಿ ಇಂಧನ ಹೆಚ್ಚಿದಷ್ಟೂ ಹೊಗೆ ಬಿಸಿ. ಹೊಗೆಯ ಬಿಸಿ ತೋರಿಸುವ ಮುಳ್ಳು ಏರಿದರೆ ಆಕ್ಸಿಲರೇಟರ್ ಸಡಿಲಿಸಿ ಗೇರ್ ಇಳಿಸಿ; ಕೆಲವೇ ಕ್ಷಣಗಳಲ್ಲಿ ಇಳಿಯುತ್ತದೆ.