ನೋವು ತ್ಯಾಗವಾಗೋದು ಯಾವಾಗ?

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯವರಿಗೆ ಕೆ.ಆರ್. ನಗರದ ಹತ್ತಿರದ ಡೋರ್ನಹಳ್ಳಿ ಗೊತ್ತೇ ಇರುತ್ತೆ. ಜೂನ್ 13 ಅಲ್ಲಿ ಸಂತ ಅಂತೋಣಿಯವರ ಹಬ್ಬ. ಕ್ರೈಸ್ತರು ಹೇಳೋ ತ್ಯಾಗದ ನೋವು ಅಂದ್ರೇನು? ಈ ಸಂತರ ಬದುಕಿನಿಂದಲೇ ಹೇಳ್ತೀನಿ.

1220ರಲ್ಲಿ ಮೊರಾಕ್ಕೋದಲ್ಲಿ ನಂಬಿಕೆಗಾಗಿ ಸತ್ತ ಐವರು ಸಂನ್ಯಾಸಿಗಳ ಶವಗಳನ್ನು ಪೋರ್ಚುಗಲ್‌ಗೆ ತಂದರು. ತಾನೂ ಹಾಗೇ ಪ್ರಾಣ ಕೊಡಬೇಕು ಅಂತ ಅಂತೋಣಿ ಮೊರಾಕ್ಕೋಗೆ ಹೊರಟರು. ಅಲ್ಲಿ ಸಿಕ್ಕಿದ್ದು ಕಾಯಿಲೆ ಮಾತ್ರ. ವಾಪಸ್ ಬರುವಾಗ ಹಡಗು ಗಾಳಿಗೆ ಸಿಕ್ಕಿ ಇಟಲಿಯ ದಡ ಸೇರಿತು. ಅಲ್ಲಿನ ಪಾದುವಾದಲ್ಲಿ ಅವರು ಸಾಲಗಾರರ ಪರ ನಿಂತರು. 1231ರ ಮಾರ್ಚ್‌ನಲ್ಲಿ ಊರಿನ ಕಾನೂನೇ ಬದಲಾಯಿತು: ಆಸ್ತಿ ಬಿಟ್ಟುಕೊಟ್ಟ ಸಾಲಗಾರನನ್ನು ಜೈಲಿಗೆ ಹಾಕುವಂತಿಲ್ಲ. ಅದೇ ಜೂನ್ 13ರಂದು ಅಂತೋಣಿ ತೀರಿಕೊಂಡರು.

ಯೇಸು ಕೂಡ ನೋವನ್ನು ಬಯಸಲಿಲ್ಲ. ಸಾಧ್ಯವಾದರೆ ಅದು ತಪ್ಪಲಿ ಅಂತ ಗೆತ್ಸೆಮನೆ ತೋಟದಲ್ಲಿ ಪ್ರಾರ್ಥಿಸಿದರು. ಬಂದಾಗ ಜನರಿಗಾಗಿ ಹೊತ್ತರು. ಆ ನೋವಿಗೆ ಬೆಲೆ ಬಂದಿದ್ದು ಪ್ರೀತಿಯಿಂದ.

ಹಾಗಾಗಿ, ತಂಬಾಕು ಬೆಳೆದು ಸಾಲಕ್ಕೆ ಬಿದ್ದ ರೈತನಿಗೆ ‘ಇದು ನಿನ್ನ ಶಿಲುಬೆ, ಹೊತ್ಕೋ’ ಅನ್ನೋದು ಸುಲಭ. ನನ್ನ ಪ್ರಕಾರ, ನಮ್ಮ ಒಂದು ದಿನದ ಕೂಲಿ ಬಿಟ್ಟು ಅವನ ಜೊತೆ ಬ್ಯಾಂಕಿಗೆ ಹೋಗಿ ಕೂರ್ತೀವಲ್ಲ, ಅದು ತ್ಯಾಗ.